ತಾನಾಗಿ ಬಂದ ನಾಯಿ

ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯಲು ಕಾರು ನಿಲ್ಲಿಸುವವರೆಗೂ ಯರ್ರೆಪ್ಪನಿಗೆ ತಾನು ರಜೆಯ ಮೇಲೆ ಊರೂರು ಸುತ್ತಲು ಹೊರಟವನು ಎಂಬುದರಲ್ಲಿ ಅನುಮಾನವಿರಲಿಲ್ಲ. ಬಳ್ಳಾರಿ ಬಿಟ್ಟಾಗ ಬಿಸಿಲು ಏರಿರಲಿಲ್ಲ, ಹಳೆಯ ಫಿಯಟ್ಟು ತಕರಾರು ಮಾಡಿರಲಿಲ್ಲ, ಪಕ್ಕದ ಸೀಟಿನಲ್ಲಿ ರಾಣಿ ಕಿಟಕಿಗೆ ಮೂತಿ ಇಟ್ಟು ಕಣ್ಣು ಕಿರಿದು ಮಾಡಿ ಗಾಳಿ ಕುಡಿಯುತ್ತ ಕೂತಿದ್ದಳು. ಚಹಾದವನು ಗ್ಲಾಸು ಕೊಡುತ್ತ, "ನಾಯಿ ಕರಕೊಂಡು ಎಲ್ಲಿಗ್ರಿ ಸಾಹೇಬ್ರ ಸವಾರಿ?" ಎಂದ. ಕೇಳಿದ್ದರಲ್ಲಿ ಏನೂ ಇರಲಿಲ್ಲ. ಮುಂಜಾನೆಯ ಹೊತ್ತು ಬಾಯಿ ಸುಮ್ಮನಿರಲಾರದೆ ಕೇಳಿದ್ದ. "ಹಿಂಗ, ಹಳೇ ಗೆಳ್ಯಾರ್ನ ನೋಡಿ ಬರೋಣಂತ" ಎಂದ ಯರ್ರೆಪ್ಪ. ಅದು ಸುಳ್ಳೂ ಅಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಕೈ ತಾನಾಗಿ ಕಿಟಕಿಯೊಳಗೆ ಹೋಗಿ ರಾಣಿಯ ಕೊರಳಪಟ್ಟಿಯನ್ನು ಹಿಡಿದುಕೊಂಡಿತು. ಅವಳು ಕೈ ನೆಕ್ಕಿದಳು. ಅರ್ಧ ಚಹಾ ಚೆಲ್ಲಿ ಕಾರು ಹತ್ತಿದ.

ಬೊಂಬಾಯಿಗೆ ಬಡ್ತಿಯ ಮೇಲೆ ವರ್ಗವಾಗಿತ್ತು. ಬ್ಯಾಂಕು ಕೊಡುವ ಮನೆ ಐದನೆಯ ಅಂತಸ್ತಿನಲ್ಲಿ. ಅಲ್ಲಿ ನಾಯಿ ಸಾಕುವ ಹಾಗಿಲ್ಲವೆಂದು ಮೊದಲೇ ತಿಳಿಸಿದ್ದರು. ಮಕ್ಕಳನ್ನು ಕರೆದುಕೊಂಡು ಧಾರವಾಡದ ತವರಿಗೆ ಹೊರಟ ಹೆಂಡತಿ, "ನೀವು ಏನರ ಮಾಡ್ರಿ, ನಾ ಕೇಳಂಗಿಲ್ಲ. ಹುಡುಗೂರು ಅತ್ತರ ಉತ್ತರ ಮಾತ್ರ ನೀವ ಕೊಡಬೇಕು" ಎಂದು ಹೇಳಿ ಕೈತೊಳೆದುಕೊಂಡಿದ್ದಳು. ಪಶುವೈದ್ಯ ರಾಣಿಯ ಬಾಯಿ ಬಿಡಿಸಿ ನೋಡಿ, "ವಯಸ್ಸಾಗೇತಿ ಸರ್. ಒಂದು ಇಂಜೆಕ್ಷನ್, ಅದಕ್ಕ ಗೊತ್ತೂ ಆಗಂಗಿಲ್ಲ" ಎಂದಾಗ ಯರ್ರೆಪ್ಪ ಸಿಟ್ಟಿನಿಂದ ಎದ್ದು ಬಂದಿದ್ದ. ಆ ಸಿಟ್ಟಿನ ಪುಣ್ಯದಿಂದ ಎರಡು ದಿನ ತಾನು ಒಳ್ಳೆಯವನೆಂದು ಸುಖವಾಗಿದ್ದ. ಮೂರನೆಯ ದಿನ ಹೊಳೆದದ್ದು ಈ ಪ್ರವಾಸ. ಕೊಟ್ಟೂರಿನಲ್ಲಿ ಜಮಾಲುದ್ದೀನ ಇದ್ದಾನೆ, ಹಡಗಲಿಯಲ್ಲಿ ತಿಪ್ಪೇರುದ್ರಮ್ಮ ಇದ್ದಾಳೆ, ತೆಲಿಗಿಯಲ್ಲಿ ದೊಡ್ಡಬೀರಪ್ಪ ಇದ್ದಾನೆ. ಯಾರನ್ನೂ ನೋಡದೆ ಎಷ್ಟೋ ವರ್ಷವಾಗಿತ್ತು. ನೋಡಿದ ಹಾಗೂ ಆಯಿತು. ಅವರಲ್ಲಿ ಒಬ್ಬರಾದರೂ ರಾಣಿಯ ತಲೆ ಸವರಿ, ತಾನಾಗಿ, ಇವನು ಬಾಯಿ ಬಿಡುವ ಮೊದಲೇ, 'ಇದು ಇಲ್ಲೇ ಇರಲಿ ಬಿಡು' ಅಂದರೆ ಮುಗಿಯಿತು. ಕೇಳುವುದಲ್ಲ, ಅವರು ಅನ್ನಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾಯಿಯನ್ನು ಬೀದಿಗೆ ಬಿಟ್ಟವನು ಅಂತ ಆಗಬಾರದು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಮಗಳಿಗೆ ಮಾತು ಕೊಟ್ಟಿದ್ದ: ಒಳ್ಳೆಯ ಮನೆ ನೋಡಿಯೇ ಬಿಡುತ್ತೇನೆ. ಮಾತು ಕೊಡುವಾಗ ಅವನ ದನಿ ಎಷ್ಟು ದಪ್ಪಗೆ ಬಂದಿತ್ತೆಂದರೆ ಅವನಿಗೇ ಅಳು ಬಂದ ಹಾಗಾಗಿತ್ತು.

ಕೊಟ್ಟೂರಿನ ಗ್ಯಾರೇಜಿನಲ್ಲಿ ಜಮಾಲುದ್ದೀನ ಲಾರಿಯ ಕೆಳಗಿಂದ ತೆವಳಿಕೊಂಡು ಬಂದು, ಕಾರನ್ನು ನೋಡಿ ಗಿರಾಕಿ ಅಂದುಕೊಂಡು, ಮುಖ ನೋಡಿ ಗುರುತು ಹಿಡಿದು, "ಯರ್ರಾ! ಯರ್ರೆಪ್ಪ ಏನಲೇ ನೀನು!" ಎಂದು ಗ್ರೀಸು ಮೆತ್ತಿದ ಕೈಯಲ್ಲೇ ತಬ್ಬಿಕೊಂಡ. ಬಿಳಿ ಅಂಗಿಯ ಬೆನ್ನಿಗೆ ಕರಿ ಬೆರಳು ಮೂಡಿದ್ದು ಯರ್ರೆಪ್ಪನಿಗೆ ಕಾಣದಿದ್ದರೂ ಗೊತ್ತಾಯಿತು, ಮತ್ತು ಆ ಹೊತ್ತಿನಲ್ಲೂ ಅಂಗಿಯ ಚಿಂತೆ ಬಂತಲ್ಲ ಎಂದು ನಾಚಿಕೆಯಾಯಿತು. ಜಮಾಲ ಲಾರಿಯವನಿಗೆ ಸಂಜೆ ಬಾ ಎಂದು ಹೇಳಿ ಕಳಿಸಿಬಿಟ್ಟ. "ನಮ್ಮ ಹಾಸ್ಟೆಲ್ ಗೆಳೆಯ ಬಂದಾನ, ಬ್ಯಾಂಕಿನಾಗ ದೊಡ್ಡ ಆಫೀಸರ್" ಎಂದು ಪಕ್ಕದ ಪಂಕ್ಚರ್ ಅಂಗಡಿಗೆ, ಎದುರಿನ ಸೌದೆ ಡಿಪೋಗೆ, ರಸ್ತೆಯಲ್ಲಿ ಹೋಗುವವರಿಗೆಲ್ಲ ಹೇಳಿದ. ನಡುಮಧ್ಯಾಹ್ನದಲ್ಲಿ ಗ್ಯಾರೇಜಿನ ಅರ್ಧ ಬಾಗಿಲು ಎಳೆದು ಹಿಂದಿನ ಮನೆಗೆ ಕರೆದುಕೊಂಡು ಹೋಗುವಾಗ ರಾಣಿಯನ್ನು ಬೇವಿನ ಗಿಡದ ಕೆಳಗೆ ಹಳೆಯ ಟಯರಿಗೆ ಕಟ್ಟಿದರು. ಗ್ಯಾರೇಜಿಗೆ ಒಂದು ನಾಯಿ ಬೇಕೇ ಬೇಕು ಎಂದು ಯರ್ರೆಪ್ಪ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದ. ರಾತ್ರಿ ಸಾಮಾನು ಕದಿಯುವವರಿರುತ್ತಾರೆ, ನಾಯಿ ಇದ್ದರೆ ಒಳ್ಳೆಯದು. "ಬಾಳ ಹುಷಾರದಾಳ ಇವಳು. ಒಂದು ಸರ್ತಿ ವಾಸನಿ ಹಿಡಿದ್ರ ಮುಗೀತು. ಅನ್ನ ಹಾಕಿದ್ರ ಅನ್ನ, ಮುದ್ದಿ ಹಾಕಿದ್ರ ಮುದ್ದಿ, ಏನೂ ತಕರಾರಿಲ್ಲ" ಎಂದ. ಜಮಾಲ ಕೈ ತೊಳೆಯುತ್ತ ನಕ್ಕ. "ಏನಲೇ, ಸಂತ್ಯಾಗ ಕುರಿ ಹೊಗಳಿದಂಗ ಹೊಗಳಾಕ ಹತ್ತಿ. ಮಾರಾಕ ತಂದೀಯೇನು?" ಯರ್ರೆಪ್ಪನೂ ನಕ್ಕ. ನಗು ಸ್ವಲ್ಪ ಹೆಚ್ಚೇ ಆಯಿತು.

ಊಟಕ್ಕೆ ಕೂತಾಗ ಜಮಾಲ ಹಾಸ್ಟೆಲಿನ ದಿನಗಳನ್ನು ತೆಗೆದ. ವಾರ್ಡನ್ನನ ಸೈಕಲ್ಲು, ಹುಳ ಬಿದ್ದ ಬೇಳೆ, ಇಬ್ಬರೂ ಒಂದೇ ಕಂಬಳಿ ಹೊದ್ದು ಮಲಗಿದ್ದು. ಯರ್ರೆಪ್ಪನಿಗೆ ನೆನಪಾದದ್ದು ಬೇರೆಯೇ. ಅಪ್ಪ ಗೊರವಯ್ಯನಾಗಿದ್ದ. ಮೈಲಾರಲಿಂಗನ ದೀಕ್ಷೆ ಪಡೆದವನು. ಕರಿ ಕಂಬಳಿಯ ಅಂಗಿ, ಕೈಯಲ್ಲಿ ಡಮರು, ಹಬ್ಬದ ದಿನ ಮರದ ದೋಣಿಯಲ್ಲಿ ಹಾಲು ಬಾಳೆಹಣ್ಣು ಕಲಸಿಟ್ಟರೆ ದೇವರ ನಾಯಿಯಾಗಿ ಮೊಣಕಾಲೂರಿ ಬೊಗಳುತ್ತ ಬಾಯಿ ಹಾಕಿ ತಿನ್ನುವವನು. ಒಂದು ದಿನ ಅದೇ ಕರಿ ಅಂಗಿಯಲ್ಲಿ ಹಾಸ್ಟೆಲಿಗೆ ಬಂದು ಬಾಗಿಲಲ್ಲಿ ನಿಂತಿದ್ದ. ಹುಡುಗರು ಹಿಂದಿನಿಂದ ಬೊಗಳಿದರು. ಅಪ್ಪ ಸಿಟ್ಟಾಗಲಿಲ್ಲ, ತಿರುಗಿ ನಗುತ್ತ ಅವರಿಗೂ ಒಮ್ಮೆ ಬೊಗಳಿ ತೋರಿಸಿದ. ಅಂದು ಬೊಗಳದೆ ಉಳಿದವನು ಜಮಾಲ ಒಬ್ಬನೇ. ಈಗ ತನ್ನ ತಟ್ಟೆಗೆ ಮಾಂಸದ ದೊಡ್ಡ ತುಂಡು ಹುಡುಕಿ ಹಾಕುತ್ತಿರುವವನೂ ಅವನೇ. ಇವನ ಹತ್ತಿರ ಕೇಳಬಹುದು, ಎರಡೇ ಮಾತು, ಎಂದು ಯರ್ರೆಪ್ಪ ತುತ್ತು ನುಂಗಿ ಸಿದ್ಧನಾಗುತ್ತಿದ್ದ. ಅಷ್ಟರಲ್ಲಿ ಹೊರಗೆ ಜಮಾಲನ ಹೆಂಡತಿ ಅಜೀಜಬಿ ಮಣ್ಣಿನ ಬೋಗುಣಿಯಲ್ಲಿ ನೀರು, ಎಲುಬು ಇಟ್ಟು ರಾಣಿಯ ಎದುರು ಕುಕ್ಕರಗಾಲಲ್ಲಿ ಕೂತದ್ದು ಬಾಗಿಲಿನಿಂದ ಕಂಡಿತು.

ಅವಳು ಒಳಗೆ ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಹಲ್ಲೇ ಇಲ್ಲಲ್ಲ ಅಣ್ಣಾ ಅದಕ್ಕ, ಪಾಪ. ಎಲುಬು ಬರೇ ನೆಕ್ಕಾಕ ಹತ್ತೇತಿ" ಎಂದಳು. "ಮುದಿ ಜೀವ. ಮನ್ಯಾಗ ಒಂದನ್ನ ಬಿಟ್ಟು ಬರಾಕ ಮನಸ್ಸಾಗಿಲ್ಲ ನಿಮಗ, ಅದಕ ಕಾರಿನಾಗ ಕುಂದ್ರಿಸಿಕೊಂಡು ತಿರುಗಾಕ ಹತ್ತೀರಿ." ಗಂಡನ ಕಡೆ ತಿರುಗಿದಳು. "ನೋಡ್ರಿ ಇವರೇ, ಮನಿಷಾ ಅಂದ್ರ ಹಿಂಗಿರಬೇಕು. ನೀವು ನಿಮ್ಮ ತಾಯೀನ ಒಂದು ಸರ್ತಿ ಹುಬ್ಬಳ್ಳಿ ತೋರಿಸ್ರಿ ಅಂದ್ರ ಟೈಮಿಲ್ಲ ಅಂತೀರಿ." ಜಮಾಲ ಹೆಂಡತಿಯನ್ನು ಗದರಿದ, ಆದರೆ ಗೆಳೆಯನ ಕಡೆ ಹೆಮ್ಮೆಯಿಂದ ನೋಡಿದ. ಯರ್ರೆಪ್ಪ ತಲೆ ತಗ್ಗಿಸಿ ಉಂಡ. ಹೊಗಳಿಸಿಕೊಂಡ ಮೇಲೆ ಏನು ಕೇಳುವುದು? ರಾತ್ರಿ ನಿಲ್ಲು, ನಾಳೆ ಹೋಗುವಿಯಂತೆ ಎಂದು ಜಮಾಲ ಹಟ ಹಿಡಿದ. ಹಾಸಿಗೆ ಸಹ ಬಿಸಿಲಿಗೆ ಹಾಕಿಸಿದ್ದ. ತಡೆದುಕೊಳ್ಳಲಾಗದೆ ಯರ್ರೆಪ್ಪ ಎದ್ದೇಬಿಟ್ಟ. ಹೊರಡುವಾಗ ಜಮಾಲ ಕಾರಿನ ಬಾನೆಟ್ಟು ಎತ್ತಿ ನೀರು ಹಾಕಿ, ಬಾನೆಟ್ಟು ಮುಚ್ಚುವಾಗ, "ಹದಿನೈದು ವರ್ಷಕ್ಕ ಬಂದಿ. ಕೆಲಸಿಲ್ಲದ ಬಂದೀಯಲ್ಲ, ಅದು ದೊಡ್ಡದು" ಎಂದ.

ಹಗರಿಬೊಮ್ಮನಹಳ್ಳಿಯ ದಾರಿಯಲ್ಲಿ ಅವನು ಜಮಾಲನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ. ಹೇಗಿದ್ದರೂ ಅವರು ಇಟ್ಟುಕೊಳ್ಳುತ್ತಿರಲಿಲ್ಲ, ನಮಾಜು ಮಾಡುವ ಮನೆ, ನಾಯಿ ಮುಟ್ಟಿದರೆ ಮೈಲಿಗೆ ಅನ್ನುವವರು. ಹಾಗೆ ಅಂದುಕೊಂಡ ಕೂಡಲೆ ರಾಣಿಯ ಎದುರು ಕುಕ್ಕರಗಾಲಲ್ಲಿ ಕೂತ ಅಜೀಜಬಿ ಕಣ್ಣಿಗೆ ಬಂದಳು. ಹೀಗೆ ಪರರ ಮಡಿಯನ್ನು ತನ್ನ ಅನುಕೂಲಕ್ಕೆ ಬಳಸಿಕೊಳ್ಳುವುದನ್ನು ಎಲ್ಲಿ ಕಲಿತೆ ಎಂದು ಕೇಳಿಕೊಂಡ. ಹಗರಿಬೊಮ್ಮನಹಳ್ಳಿಯಲ್ಲಿ ಕಾರು ನಿಲ್ಲಿಸಿದಾಗ ರಾಣಿ ಇಳಿದು, ಕಂಬದ ಬುಡ ಮೂಸಿ, ತನ್ನ ಕೆಲಸ ಮುಗಿಸಿ, ಮತ್ತೆ ಬಂದು ಬಾಗಿಲ ಬಳಿ ನಿಂತು ಅವನ ಮುಖ ನೋಡಿದಳು. ಈ ಪ್ರವಾಸ ಅವಳಿಗೆ ಬಹಳ ಹಿಡಿಸಿತ್ತು. ಮನೆಯಲ್ಲಿದ್ದಾಗ ಇಷ್ಟು ಹೊತ್ತು ಅವಳ ಪಕ್ಕದಲ್ಲಿ ಅವನು ಎಂದೂ ಕೂತವನಲ್ಲ. ಊರಿನಿಂದ ಊರಿಗೆ ಅವಳ ವಯಸ್ಸೇ ಇಳಿಯುತ್ತಿರುವ ಹಾಗೆ ಕಾಣುತ್ತಿತ್ತು, ಅದೂ ಅವನಿಗೆ ಸಿಟ್ಟು ತರಿಸಿತು.

ತಿಪ್ಪೇರುದ್ರಮ್ಮ ಹಡಗಲಿಯಲ್ಲಿ ಪ್ರೈಮರಿ ಶಾಲೆಯ ಟೀಚರು, ಹೈಸ್ಕೂಲಿನಲ್ಲಿ ಇವನ ಸಹಪಾಠಿ. ಮದುವೆಯಾಗಲಿಲ್ಲ. ತಾಯಿಯೊಬ್ಬಳಿದ್ದಳು, ಹೋದ ವರ್ಷ ತೀರಿಕೊಂಡ ಸುದ್ದಿ ಯರ್ರೆಪ್ಪನಿಗೆ ಮುಟ್ಟಿತ್ತು. ಬರಬೇಕೆಂದು ಅಂದುಕೊಂಡಿದ್ದ, ಆಡಿಟ್ ಬಂತು. ಅವಳು ಬಾಗಿಲು ತೆರೆದು ಮೊದಲು ಅವನನ್ನು ನೋಡಿದಳು, ಆಮೇಲೆ ನಾಯಿಯನ್ನು, ಆಮೇಲೆ ಬಹಳ ಹೊತ್ತು ಮತ್ತೆ ಅವನನ್ನು. "ಬರ್ರಿ" ಎಂದಳು. ಒಂದೇ ಕೋಣೆ, ಗೋಡೆಗೆ ತಾಯಿಯ ಫೋಟೋ, ಅದರ ಹಾರ ಒಣಗಿತ್ತು. ಯರ್ರೆಪ್ಪ ಫೋಟೋದ ಎದುರು ನಿಂತು ಮುಖ ಸಣ್ಣದು ಮಾಡಿಕೊಂಡು, "ಗೊತ್ತಾತು ನನಗ. ಬರಬೇಕು ಅಂತ ಬಾಳ ಇತ್ತು..." ಎಂದ. "ಇರಲಿ ಬಿಡ್ರಿ. ಬಂದಿದ್ರ ಎಬ್ಬಿಸ್ತಿದ್ರೇನು" ಎಂದಳು ಅವಳು, ಅವಲಕ್ಕಿ ಕಲಸುತ್ತ. ಅವನು ಶಾಲೆಯ ಮಾತು ತೆಗೆದ, ಬೊಂಬಾಯಿಯ ಮಾತು ತೆಗೆದ, ಒಂಟಿ ಹೆಂಗಸು ಊರ ಕೊನೆಯ ಮನೆಯಲ್ಲಿ ಇರುವುದು ಈ ಕಾಲದಲ್ಲಿ ಎಷ್ಟು ಕಷ್ಟವೆಂಬ ಮಾತು ತೆಗೆದ. ಜತೆಗೆ ಒಂದು ಜೀವ ಇದ್ದರೆ ಧೈರ್ಯ ಎಂದ. ಅವಳು ತಟ್ಟೆಯನ್ನು ಅವನ ಮುಂದಿಟ್ಟು ಎದುರಿಗೆ ಕೂತಳು.

"ಗಂಡೋ ಹೆಣ್ಣೋ?"

"ಹೆಣ್ಣು."

"ಅದಕ ಯಾರೂ ಇಟ್ಕೊಂಡಿಲ್ಲ. ಎಷ್ಟು ಮನಿ ತಿರುಗಿ ಬಂದ್ರಿ?"

ಯರ್ರೆಪ್ಪ ಅವಲಕ್ಕಿಯೊಳಗಿನ ಮೆಣಸಿನಕಾಯಿ ಎತ್ತಿ ತಟ್ಟೆಯ ಅಂಚಿಗಿಟ್ಟ. "ಹಂಗಲ್ಲ ತಿಪ್ಪೇರುದ್ರಮ್ಮ, ನಿನ್ನ... ನಿಮ್ಮನ್ನ ನೋಡಾಕ..."

"ನೋಡಾಕ ಬಂದಿಲ್ಲ ನೀವು" ಎಂದಳು. ದನಿ ಏರಿಸಲಿಲ್ಲ, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲೇ ಹೇಳಿದಳು. "ನಮ್ಮವ್ವ ಸತ್ತಾಗ ಬರಲಿಲ್ಲ. ನನಗ ಆಪರೇಷನ್ ಆದಾಗ ಬರಲಿಲ್ಲ, ಅದು ನಿಮಗ ಗೊತ್ತೂ ಇಲ್ಲ. ಹಳೇ ಗೆಳ್ಯಾರ ಮನಿ ನೆನಪಾಗಾಕ ನಿಮಗ ಒಂದು ನಾಯಿ ಬೇಕಾತು. ಮನಿ ಮಾಲಕರು ನನಗ ಒಂದು ಬೆಕ್ಕು ಸಾಕಾಕ ಬಿಡಂಗಿಲ್ಲ. ಬಿಟ್ಟಿದ್ರೂ ಇಟ್ಕೊತಿದ್ದಿಲ್ಲ ನಾನು. ನಾ ಇಟ್ಕೊಂಡ್ರ ನೀವು ಹೋಗಿ ಆರಾಮ ಮಲಗ್ತೀರಿ. ಯಾಕ ಮಲಗಬೇಕು ನೀವು ಆರಾಮ?" ಆಮೇಲೆ ಎದ್ದು ಚಹಾಕ್ಕೆ ನೀರಿಟ್ಟಳು. ಹೊರಗೆ ಕಟ್ಟೆಯ ಮೇಲೆ ರಾಣಿ ಯಾರದೋ ಹೆಜ್ಜೆಗೆ ಒಮ್ಮೆ ಬೊಗಳಿ ಸುಮ್ಮನಾದಳು. ಯರ್ರೆಪ್ಪ ಅವಲಕ್ಕಿ ಪೂರ್ತಿ ತಿಂದ. ಬಿಟ್ಟು ಏಳುವ ಧೈರ್ಯವಾಗಲಿಲ್ಲ.

ಹಡಗಲಿಯ ಲಾಡ್ಜಿನವನು ನಾಯಿಗೆ ಆಗುವುದಿಲ್ಲವೆಂದ. ರಾಣಿಯನ್ನು ಕಾರಿನಲ್ಲಿ ಬಿಟ್ಟು ತಾನು ಮಂಚದಲ್ಲಿ ಮಲಗಿದ, ಬೆಳಿಗ್ಗೆ ಬಂದು ನೋಡಿದರೆ ಸೀಟಿನ ಮೇಲೆ ಉಚ್ಚೆ ಮಾಡಿದ್ದಳು. ಯರ್ರೆಪ್ಪ ಅವಳಿಗೆ ಹೊಡೆದ. ಅವಳು ಕೂಗಲಿಲ್ಲ, ಮೈ ಕುಗ್ಗಿಸಿ ಸೀಟಿನ ಕೆಳಗೆ ಇಳಿದಳು. ಮೈಲಾರನ ಒಕ್ಕಲಿನವರು ನಾಯಿಗೆ ಕೈ ಎತ್ತುವುದಿಲ್ಲ. ಚಿಕ್ಕವನಿದ್ದಾಗ ಒಮ್ಮೆ ಕಲ್ಲು ಹೊಡೆದದ್ದಕ್ಕೆ ಅಪ್ಪ ದಿನವಿಡೀ ಉಣ್ಣದೆ ಕೂತಿದ್ದ, ಮಗನನ್ನು ಬೈಯಲೂ ಇಲ್ಲ. ಆ ಅಪ್ಪನ ಮಗ ಈಗ ಒದ್ದೆ ಬಟ್ಟೆಯಿಂದ ಸೀಟು ಒರೆಸುತ್ತ, ಪ್ರೀತಿಯೋ ಅಸಹ್ಯವೋ ತನಗೇ ತಿಳಿಯದೆ, "ಹೋಗಲಿ ಬಾ ಮ್ಯಾಲೆ, ಬಾ" ಎಂದು ಕರೆದ. ಅವಳು ಕೂಡಲೆ ಹತ್ತಿ ಕೂತು ಮೊಣಕೈ ನೆಕ್ಕಿದಳು. ಇಷ್ಟು ಸುಲಭವಾಗಿ ಕ್ಷಮಿಸುವವರ ಜತೆ ಬದುಕುವುದು ಬಹಳ ಕಷ್ಟ. ಹರಪನಹಳ್ಳಿಯ ಕಡೆ ತಿರುಗಿದಾಗ ಉಳಿದದ್ದು ತೆಲಿಗಿ ಒಂದೇ, ದೊಡ್ಡಬೀರಪ್ಪ ಒಬ್ಬನೇ. ಈ ಸಲ ನಾಚುವುದಿಲ್ಲ, ಬಾಯಿ ಬಿಟ್ಟು ಕೇಳುತ್ತೇನೆ ಎಂದು ನಿರ್ಧಾರ ಮಾಡಿದ. ತಿಪ್ಪೇರುದ್ರಮ್ಮನ ಮಾತಿನಿಂದ ಅವನು ಕಲಿತ ಪಾಠ ಅಷ್ಟು: ಸುತ್ತಿ ಬಳಸಿ ಮಾತಾಡಬಾರದು.

ತೆಲಿಗಿ ಅವನ ಹುಟ್ಟಿದೂರು. ಅಪ್ಪ ಸತ್ತ ಮೇಲೆ ಹೊಲ ಮಾರಿ ಹೋದವನು ಮತ್ತೆ ಬಂದಿರಲಿಲ್ಲ. ದೊಡ್ಡಬೀರಪ್ಪ ಅವನ ಜತೆಗೆ ಕುರಿ ಕಾಯ್ದವನು, ಈಗಲೂ ಕಾಯುತ್ತಿರುವವನು. ಯರ್ರೆಪ್ಪನ ಅಪ್ಪನ ಗೊರವ ದೀಕ್ಷೆ ಈಗ ಬೀರಪ್ಪನಿಗೆ ಬಂದಿತ್ತು, ಹಣೆಯ ತುಂಬ ಭಂಡಾರದ ಅರಿಶಿನ. ಅಂಗಳದಲ್ಲಿ ನಾಲ್ಕಾರು ನಾಯಿಗಳು ಬಿದ್ದುಕೊಂಡಿದ್ದವು; ಕಾರು ನಿಂತಾಗ ಒಂದೆರಡು ತಲೆ ಎತ್ತಿ ನೋಡಿ ಮತ್ತೆ ಮಲಗಿದವು. ರಾಣಿ ಕಿಟಕಿಯಿಂದ ಮೂಗು ಚಾಚಿ ಬಾಲ ಆಡಿಸಿದಳು. ಯರ್ರೆಪ್ಪನ ಎದೆ ಹಗುರಾಯಿತು. ಎಲ್ಲಕ್ಕಿಂತ ಮೊದಲು ಇಲ್ಲಿಗೇ ಬರಬೇಕಿತ್ತು, ಬಂದಿದ್ದರೆ ಇದ್ದ ಮಾನ ಉಳಿಯುತ್ತಿತ್ತು. ರಾಣಿಯ ಸರಪಳಿ ಕೈಯಲ್ಲಿ ಸುತ್ತಿಕೊಂಡು ಇಳಿದ. ದೊಡ್ಡಬೀರಪ್ಪ ಕಟ್ಟೆಯಿಂದ ಎದ್ದು ಬಂದು, ಅವನ ತೋಳು ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡ. ಆ ನೀರು ಒಣಗುವುದಕ್ಕೂ ಬಿಡದೆ ಯರ್ರೆಪ್ಪ ಹೇಳಿಬಿಟ್ಟ: "ಬೀರಾ, ನನಗ ಬೊಂಬಾಯಿಗೆ ಆಗೇತಿ. ಈ ನಾಯಿ ನಿನಗ ಕೊಡ್ತೀನಿ. ಇಟ್ಕೊ."

ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಬೀರಪ್ಪನ ಅತ್ತಿಗೆ ಮೈಲಮ್ಮನ ಮೊರ ನಿಂತಿತು. ದೊಡ್ಡಬೀರಪ್ಪ ಹಿಡಿದ ತೋಳನ್ನು ಬಿಟ್ಟ. "ಏನಂದೆಲ್ಲೋ ಯರ್ರಾ" ಎಂದ ಸಣ್ಣಗೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಯಾರೋ ತುಂಬಿದ ಕೊಡ ಜಾರಿಸಿ ಬೀಳಿಸಿದರೆ ನೋಡುವ ಹಾಗೆ ನೋಡುತ್ತಿದ್ದ. ಮೈಲಮ್ಮ ಕೂತಲ್ಲಿಂದಲೇ, "ಗೊರವಯ್ಯನ ಮಗ ಆಗಿ ಇದೂ ಗೊತ್ತಿಲ್ಲೇನಪ್ಪಾ" ಎಂದಳು. ಆಗ ಯರ್ರೆಪ್ಪನಿಗೆ ನೆನಪಾಯಿತು. ಬೆನ್ನಿನ ಮೇಲೆ ನೀರು ಸುರಿದ ಹಾಗೆ ನೆನಪಾಯಿತು. ಈ ಮನೆತನದಲ್ಲಿ ನಾಯಿಯನ್ನು ಕೊಡುವುದೂ ಇಲ್ಲ, ಕೊಟ್ಟರೆ ತೆಗೆದುಕೊಳ್ಳುವುದೂ ಇಲ್ಲ. ನಾಯಿ ಸ್ವಾಮಿಯದು, ಇನ್ನೊಬ್ಬನ ಕೈಯಿಂದ ಪಡೆಯಲು ಅದು ಯಾರ ಆಸ್ತಿಯೂ ಅಲ್ಲ. ತಾನಾಗಿ ಬಂದ ನಾಯಿಯನ್ನು ಮಾತ್ರ ಸ್ವಾಮಿ ಕಳಿಸಿದನೆಂದು ಹಣೆಗೆ ಭಂಡಾರ ಹಚ್ಚಿ ಉಳಿಸಿಕೊಳ್ಳುತ್ತಾರೆ, ಹಾಗೆ ಬಂದದ್ದನ್ನು ಕುಂಟಿರಲಿ ಕುರುಡಿರಲಿ ಹೊರಗೆ ಹಾಕುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡು ಅಂಗಳದ ಬಾಗಿಲಲ್ಲಿ ಸರಪಳಿ ಬಿಚ್ಚಿ, ನೀರು ಕೊಡು ಬೀರಾ ಎಂದು ಒಳಗೆ ನಡೆದಿದ್ದರೆ ರಾಣಿ ಹಿಂದೆಯೇ ಬರುತ್ತಿದ್ದಳು. ಅಷ್ಟೇ ಸಾಕಿತ್ತು.

"ಬಾಯಿ ಬಿಟ್ಟು ಕೇಳಿಬಿಟ್ಟೆಲ್ಲೋ" ಎಂದ ದೊಡ್ಡಬೀರಪ್ಪ. "ಸುಮ್ನ ಬಂದಿದ್ರ ಆಗ್ತಿತ್ತು."

"ಇದೆಲ್ಲಾ ಈಗ್ಲೂ ನೋಡ್ತೀರೇನಲೇ?" ಎಂದ ಯರ್ರೆಪ್ಪ. ನಗಲು ನೋಡಿದ. "ಒಂದು ಮಾತಿನಾಗ ಏನೈತಿ? ಕೊಟ್ಟೆ ಅಂದಿಲ್ಲ ಅಂತ ತಿಳಕೋ."

"ನಾ ತಿಳಕೊಂಡ್ರ ಆತೇನು?" ಎಂದ ಬೀರಪ್ಪ. ಒಳಗೆ ದೇವರ ಗೂಡಿನ ಪಕ್ಕ ಗೋಡೆಗೆ ಗೊರವರು ಬಾಯಿ ಹಾಕಿ ತಿನ್ನುವ ಮರದ ದೋಣಿ ತೂಗು ಹಾಕಿತ್ತು. ಅದರ ಕಡೆ ಒಮ್ಮೆ ನೋಡಿ, ಕೈಕಾಲು ತೊಳೆಯಲು ನೀರು ತರಿಸಿದ. ಊಟಕ್ಕೆ ಹಾಕಿದರು. ಯಾರೂ ಬೇಸರ ತೋರಿಸಲಿಲ್ಲ; ರಾಣಿಗೂ ಮುದ್ದೆ ಹಾಲು ಕಲಸಿ ಇಟ್ಟರು, ಅತಿಥಿಯ ನಾಯಿಗೆ ಇಡುವ ಹಾಗೆ, ಅಂಗಳದ ಹೊರಗೆ. ಹೊರಡುವಾಗ ದೊಡ್ಡಬೀರಪ್ಪ ಕಾರಿನವರೆಗೆ ಬಂದು, ಬಾಗಿಲ ಮೇಲೆ ಕೈಯಿಟ್ಟು, ಬೇರೆ ಕಡೆ ನೋಡುತ್ತ ಹೇಳಿದ: "ಊರ ಗಡಿ ಕಲ್ಲಿನ ಹತ್ರ ಕಾರು ನಿಂದ್ರಸು. ಇಳಿಸು. ಹೋಗು. ಹಿಂದ ನೋಡಬ್ಯಾಡ. ಇಲ್ಲಿ ಉಂಡ ವಾಸನಿ ಐತಿ ಅದರ ಮೂಗಿನಾಗ, ಹೊತ್ತು ಮುಳುಗೋದ್ರಾಗ ತಾನಾಗಿ ಬರ್ತತಿ. ಬಂದ್ರ ನಮ್ಮದು. ನಾ ಏನೂ ಹೇಳಿಲ್ಲ, ನೀ ಏನೂ ಕೇಳಿಲ್ಲ." ಇಷ್ಟು ಹೇಳಿ ಅವನು ತಿರುಗಿ ಹೋದ. ತನ್ನ ದೇವರಿಗೆ ಸ್ವಲ್ಪ ಮೋಸ ಮಾಡಲು ಅವನು ಗೆಳೆಯನಿಗಾಗಿ ಒಪ್ಪಿದ್ದ. ಅವನ ಬೆನ್ನು ನೋಡುತ್ತಿದ್ದ ಹಾಗೆ ಯರ್ರೆಪ್ಪನಿಗೆ ಬಂದದ್ದು ಕೃತಜ್ಞತೆಯಲ್ಲ, ದ್ವೇಷ. ಎರಡು ದಿನ, ನಾಲ್ಕು ತಾಲೂಕು ಸುತ್ತಿದ್ದು ಈ ಒಂದು ಕೆಲಸವನ್ನು ತನ್ನ ಕೈಯಿಂದ ಮಾಡಬಾರದೆಂದು. ಕೊನೆಗೆ ಇವನು ಅದನ್ನೇ ಮಾಡು ಅನ್ನುತ್ತಾನೆ, ದಯೆಯಿಂದ.

ಗಡಿ ಕಲ್ಲಿನ ಹತ್ತಿರ ಕಾರು ನಿಲ್ಲಿಸಿದ. ಬಾಗಿಲಿನ ಹಿಡಿಕೆಗೆ ಕೈ ಹಾಕಿದಾಗ ಹೊಲದ ಕಡೆಯಿಂದ ಹುಲ್ಲಿನ ಹೊರೆ ಹೊತ್ತ ಹೆಂಗಸರು ಬಂದರು. ಮುಂದಿನವಳು, ಗಿಡ್ಡಮ್ಮ, ಗುರುತು ಹಿಡಿದು ನಿಂತೇಬಿಟ್ಟಳು. "ಯರ್ರೆಪ್ಪಣ್ಣ ಅಲ್ಲೇನು? ಕಾರಿನಾಗ ನಾಯಿನೂ ಕುಂದ್ರಿಸಿಕೊಂಡಾನ ನೋಡ್ರೇ, ಅಪ್ಪನ ಮಗನ ಹೌದು!" ಎಲ್ಲರೂ ನಕ್ಕರು, ಪ್ರೀತಿಯಿಂದ. ಅವರ ಎದುರು ಇಳಿಸುವುದು ಹೇಗೆ? ಮುಂದೆ ಹೋದ. ಹುಣಸೆ ತೋಪಿನ ಹತ್ತಿರ ಒಬ್ಬ ಸೈಕಲ್ಲು ಒರಗಿಸಿಕೊಂಡು ಬೀಡಿ ಸೇದುತ್ತಿದ್ದ. ಇನ್ನೂ ಮುಂದೆ ಹೋದ. ಮುಂದಿನ ಊರಿನ ಬಾವಿಯ ಹತ್ತಿರ ಜನ, ಅದರ ಮುಂದಿನ ಸೇತುವೆಯ ಮೇಲೆ ಕುರಿ ಹಿಂಡು. ನೋಡುತ್ತಾರೆ ಎಂಬ ಒಂದೇ ಕಾರಣಕ್ಕೆ ಒಂದೊಂದು ಜಾಗವನ್ನೂ ಬಿಟ್ಟುಕೊಟ್ಟು, ಪ್ರತಿ ಸಲವೂ ಇನ್ನು ಸ್ವಲ್ಪ ದೂರವಾದರೇನು, ನಾಯಿಗೆ ದಾರಿ ಗೊತ್ತಾಗುತ್ತದೆ ಎಂದುಕೊಳ್ಳುತ್ತ ಹರಪನಹಳ್ಳಿಯ ಪೇಟೆಯನ್ನೂ ದಾಟಿ, ಆ ಕಡೆಯ ಕೊಟ್ಟೂರು ರಸ್ತೆ ಹಿಡಿದಿದ್ದ. ಬಿಸಿಲು ಇಳಿದಿತ್ತು. ಎರಡೂ ಕಡೆ ಬಯಲು, ಮುಳ್ಳುಕಂಟಿ, ಮನುಷ್ಯರಿಲ್ಲ. ಇಲ್ಲಿಂದ ತೆಲಿಗಿಗೆ ನಾಯಿ ಇರಲಿ, ದಾರಿ ಕೇಳುವ ಬಾಯಿದ್ದವನಿಗೂ ಕಷ್ಟ. ಅದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ಕಾರು ನಿಲ್ಲಿಸಿ ಬಾಗಿಲು ತೆಗೆದ.

ರಾಣಿ ಎಂದಿನಂತೆ ಇಳಿದಳು. ಮೂಸಿದಳು. ಕೂತಳು, ಎದ್ದಳು. ಅವಳು ಬೆನ್ನು ತಿರುಗಿಸಿದ್ದ ಆ ಒಂದು ಗಳಿಗೆಯಲ್ಲಿ ಅವನು ಬಾಗಿಲು ಎಳೆದುಕೊಂಡ. ಸದ್ದಿಗೆ ತಿರುಗಿ ಬಂದು ಬಾಗಿಲ ಬಳಿ ನಿಂತು ಮುಖ ನೋಡಿದಳು, ತೆಗೆಯುತ್ತಾನೆಂದು. ಕಾರು ಹೊರಟಾಗಲೂ ಅವಳು ಓಡಿ ಬರಲಿಲ್ಲ. ಅವನು ಅದಕ್ಕೆ ಮನಸ್ಸು ಗಟ್ಟಿಮಾಡಿಕೊಂಡಿದ್ದ, ಅಟ್ಟಿಸಿಕೊಂಡು ಬಂದರೆ ಹೇಗೆ ನೋಡದಿರುವುದು ಎಂದು. ಅವಳು ಓಡಲೇ ಇಲ್ಲ. ಇಳಿದ ಜಾಗದಲ್ಲೇ, ರಸ್ತೆಯ ಅಂಚಿಗೆ, ಕಾರು ಹೋದ ದಿಕ್ಕಿಗೆ ಮುಖ ಮಾಡಿ ಕೂತಳು. ಅವನು ಬರುತ್ತಾನೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಮೈಲಿ ದೂರ ಹೋಗಿ, ಕಾರು ತಿರುಗಿಸಿಕೊಂಡು, ಇದೇ ದಾರಿಯಲ್ಲಿ ಹರಪನಹಳ್ಳಿಗೆ ವಾಪಸು ಹೋದರೆ ಅವಳ ಮುಂದೆಯೇ ಹಾದುಹೋಗಬೇಕಾಗುತ್ತದೆಂದು ಹೊಳೆದು, ಅಡ್ಡ ಗಾಡಿದಾರಿ ಹಿಡಿದು, ಸುತ್ತು ಹಾಕಿ ಪೇಟೆ ಸೇರಿದ. ಬಳ್ಳಾರಿಗೆ ಹೋಗಬಹುದಿತ್ತು. ಆ ದಾರಿ ಜಮಾಲನ ಗ್ಯಾರೇಜಿನ ಮುಂದೆಯೇ ಹೋಗುತ್ತದೆಂದು ಲಾಡ್ಜಿನಲ್ಲಿ ಉಳಿದ. ಬೆಳಿಗ್ಗೆ ಹೋಗಿ ನೋಡುತ್ತೇನೆ ಎಂದುಕೊಂಡ. ಬೆಳಿಗ್ಗೆ ಎದ್ದಾಗ ಮೊದಲು ಚಹಾ ಕುಡಿಯುತ್ತೇನೆ, ಆಮೇಲೆ ನೋಡುತ್ತೇನೆ ಎಂದುಕೊಂಡ.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಿದ್ದಾಗ ಬಾಗಿಲಲ್ಲಿ ದೊಡ್ಡಬೀರಪ್ಪ ಕಾಣಿಸಿದ. ಕಂಬಳಿ ಹೆಗಲ ಮೇಲೆ, ಕಾಲು ಮೊಣಕಾಲಿನವರೆಗೂ ಧೂಳು. ಹೊರಗೆ ನಿಂತ ಕಾರನ್ನು ಗುರುತು ಹಿಡಿದು ಬಂದಿದ್ದ. ಟೇಬಲ್ಲಿನ ಎದುರು ಕೂರದೆ, ಬಗ್ಗಿ, ಜನ ಕೇಳದ ಹಾಗೆ, "ಬರಲಿಲ್ಲೋ ಯರ್ರಾ" ಎಂದ. "ರಾತ್ರೆಲ್ಲಾ ಅಂಗಳದ ಬಾಗಿಲು ತಕ್ಕೊಂಡೇ ಇಟ್ಟಿದ್ದೆ. ನಮ್ಮತ್ತಿಗೀನೂ ಎದ್ದೆದ್ದು ನೋಡಿದ್ಲು. ಬೆಳಕು ಹರಿಯೋದ್ರಾಗ ಗಡಿ ಕಲ್ಲಿಗೆ ಹೋದೆ, ಅಲ್ಲಿ ಅದರ ಹೆಜ್ಜಿನೂ ಇಲ್ಲ. ಅಲ್ಲಿಂದ ದಾರಿ ಉದ್ದಕ್ಕೂ ಕರಕೋತ ನಡಕೊಂಡು ಬಂದೆ. ಎಲ್ಲಿ ಬಿಟ್ಟೆ, ಹೇಳು. ಹೋಗಿ ಕರಕೊಂಡು ಬರ್ತೀನಿ. ಸ್ವಾಮಿಗೆ ನಾ ಏನರ ಹೇಳಿಕೊಳ್ತೀನಿ, ತಪ್ಪುಗಾಣಿಕೆ ಇಡ್ತೀನಿ. ಮುದಿ ಜೀವ, ಬಿಸಿಲು ಏರಿದ್ರ ಸಾಯ್ತತಿ. ಎಲ್ಲಿ ಬಿಟ್ಟೆ?"

ಹೇಳಬಹುದಿತ್ತು. ಕೊಟ್ಟೂರು ರಸ್ತೆ, ಮುಳ್ಳುಕಂಟಿಯ ಬಯಲು. ಕಾರಿನಲ್ಲಿ ಕೂರಿಸಿಕೊಂಡು ಹೋದರೆ ಚಹಾ ಆರುವುದರೊಳಗೆ ಅಲ್ಲಿರುತ್ತಿದ್ದರು, ಅವಳು ಖಂಡಿತ ಅಲ್ಲೇ ಕೂತಿರುತ್ತಿದ್ದಳು. ಆದರೆ ಹೇಳಿದರೆ, ಗಡಿ ಕಲ್ಲು ಬಿಟ್ಟು, ಪೇಟೆ ದಾಟಿ, ಅಷ್ಟು ದೂರ ಯಾಕೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ದೊಡ್ಡಬೀರಪ್ಪ ಯಾಕೆ ಎಂದು ಕೇಳುತ್ತಿರಲಿಲ್ಲ. ಸುಮ್ಮನೆ ಮುಖ ನೋಡುತ್ತಿದ್ದ. ಆ ನೋಟವನ್ನು ಯರ್ರೆಪ್ಪ ಈಗಲೇ ಕಂಡ, ಕಂಡು ಸಹಿಸಲಾರದೆ ಹೋದ.

"ಬಿಡಲಿಲ್ಲೋ ಬೀರಾ" ಎಂದ. "ಕಲ್ಲಿನ ತನಕ ಹೋದೆ. ಕೈ ಬರಲಿಲ್ಲ. ನನ್ನ ಕೂಡನ ಒಯ್ತೀನಿ, ಬೊಂಬಾಯಿಗೆ. ಏನಾದ್ರೂ ಆಗಲಿ. ಕಾರಿನಾಗ ಮಲಗ್ಯಾಳ."

ದೊಡ್ಡಬೀರಪ್ಪ ನೆಟ್ಟಗೆ ನಿಂತ. ಅವನ ಮುಖ ಅರಳಿದ್ದನ್ನು ನೋಡಲಾಗದೆ ಯರ್ರೆಪ್ಪ ಇಡ್ಲಿಯ ತಟ್ಟೆ ನೋಡಿದ. "ನಾ ಅಂದಿದ್ದೆ ಅತ್ತಿಗೀಗೆ!" ಎಂದು ಅವನು ಈಗ ಜನ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ. "ಅವನ ಕೈಲೆ ಆಗಂಗಿಲ್ಲ ಅಂದಿದ್ದೆ. ಎಷ್ಟು ಓದಿದ್ರೇನು, ರಕ್ತ ಎಲ್ಲಿ ಹೋಗ್ತತಿ?" ಕಂಬಳಿಯ ಮಡಿಕೆಗೆ ಕೈ ಹಾಕಿ ಬಟ್ಟೆಯಲ್ಲಿ ಕಟ್ಟಿದ್ದ ಗಂಟು ತೆಗೆದ, ಬಿಚ್ಚಿದರೆ ಹಾಲಿನಲ್ಲಿ ನೆನೆಸಿದ ರೊಟ್ಟಿ. "ದಾರ್ಯಾಗ ಸಿಕ್ಕರ ಹಾಕೋಣಂತ ತಂದಿದ್ದೆ. ನೀ ಉಣ್ಣು, ಏಳಬ್ಯಾಡ. ನಾನ ಹಾಕಿ ಬರ್ತೀನಿ" ಎಂದು, ಯರ್ರೆಪ್ಪ ಬಾಯಲ್ಲಿದ್ದ ತುತ್ತು ನುಂಗುವುದರೊಳಗೆ, ಮೆಟ್ಟಿಲು ಇಳಿದುಬಿಟ್ಟ.

ಬಸ್ಸುಗಳ ನಡುವೆ ದಾರಿ ಮಾಡಿಕೊಂಡು ಅವನು ಕಾರಿನ ಹತ್ತಿರ ಹೋದ. ಒಂದು ಕೈಯಲ್ಲಿ ರೊಟ್ಟಿ ಹಿಡಿದು, ಇನ್ನೊಂದು ಕೈಯನ್ನು ಬಿಸಿಲಿಗೆ ಅಡ್ಡ ಮಾಡಿ, ಹಣೆಯನ್ನು ಕಿಟಕಿಯ ಗಾಜಿಗೆ ಒತ್ತಿ, ಒಳಗೆ ನೋಡಿ, "ರಾಣೀ, ಏ ರಾಣೀ" ಎಂದು ಕರೆದ. ಆ ಕಡೆಯ ಕಿಟಕಿಗೆ ಹೋಗಿ ಮತ್ತೆ ಬಗ್ಗಿದ.